ಗ್ರೋ ಲೈಟ್ (ಗಿಡ ಬೆಳೆಸೋ ಲೈಟ್): ಫ್ಯಾನ್ ಇರೋದೋ, ಬರೀ ಹೀಟ್‌ಸಿಂಕ್ (ಬಿಸಿ ಹೊರಬಿಡೋ ಲೋಹದ ಬೆನ್ನು) ಇರೋದೋ?

ತಾರಸಿ_ತೋಟ:
4×2 ಅಡಿ ರ‍್ಯಾಕ್, ಲೆಟಿಸ್ ಬೆಳೆ. ಈಗಿರೋದು ನೇರಳೆ ಬೆಳಕಿನ ಪ್ಯಾನೆಲ್, ಎರಡು ಫ್ಯಾನ್, ಡಬ್ಬದ ಮೇಲೆ 1000 ವ್ಯಾಟ್ ಅಂತಿದೆ. ಒಂದು ಫ್ಯಾನ್ ನಿಂತು ಹೋಯ್ತು, ವಾರದಲ್ಲೇ ಒಂದು ಸಾಲು ಎಲ್‌ಇಡಿ ಪೂರ್ತಿ ಆರಿತು. ರಿಪೇರಿ ಮಾಡೋದಾ, ಫ್ಯಾನ್ ಇಲ್ಲದ ಬೋರ್ಡ್ ತಗೊಳ್ಳೋದಾ?

ಬೆಸುಗೆ:
ಸಾಲಿನ ಎಲ್‌ಇಡಿಗಳೆಲ್ಲ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಇರುತ್ತವೆ. ಒಂದು ಒಳಗೆ ಕಡಿದು ಓಪನ್ ಆದರೆ ಸಾಲೇ ಆರುತ್ತೆ, ಉಳಿದವು ಚೆನ್ನಾಗೇ ಇರಬಹುದು. ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಆಮೇಲೆ 3 ವೋಲ್ಟ್ ಬಟನ್ ಸೆಲ್‌ಗೆ ಎರಡು ವೈರ್ ಹಿಡಿದು ಒಂದೊಂದೇ ಎಲ್‌ಇಡಿಗೆ ಮುಟ್ಟಿಸಿ; ಮಿಣುಕದೇ ಇದ್ದರೆ ವೈರ್ ಅದಲು ಬದಲು ಮಾಡಿ ನೋಡಿ. ಒಂದೇ ಎಲ್‌ಇಡಿ ಮಣಿಯೊಳಗೆ ಎರಡು ಚಿಪ್ ಇದ್ದರೆ ಎರಡು ಸೆಲ್ ಬೇಕು. ಕರೆಂಟ್ ಇರುವಾಗ ವೈರ್ ಇಟ್ಟು ಹುಡುಕಬೇಡಿ, ಕೆಲವು ಅಗ್ಗದ ಡ್ರೈವರ್‌ಗಳ (ಎಲ್‌ಇಡಿಗೆ ಕರೆಂಟ್ ಕೊಡೋ ಭಾಗ) ಔಟ್‌ಪುಟ್ ಮೇನ್ಸ್‌ನಿಂದ ಬೇರೆಯಾಗಿರೋದಿಲ್ಲ.

ಸತ್ತದ್ದನ್ನು ಅದೇ ಬಣ್ಣದ, ಅದೇ ಮಿಲಿಆಂಪ್‌ನದಕ್ಕೆ ಬದಲಿಸಿ. ತಳದಲ್ಲಿ ಶಾಖ ದಾಟಿಸೋ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿದ್ದರೆ ಕೆರೆದು, ಹೊಸದನ್ನು ಕೆಳಗಿನ ಅಕ್ಷರ ಕಾಣುವಷ್ಟು ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಪೇಸ್ಟೇ ಶಾಖಕ್ಕೆ ಅಡ್ಡ ಬರುತ್ತೆ. ಫ್ಯಾನ್ ಬಾಲ್ ಬೇರಿಂಗ್‌ನದೇ ಹಾಕಿ. ಆದರೆ ಫ್ಯಾನ್ ನಿಂತರೆ ಸಾಯೋ ಲೈಟ್ ಇದು, ಅಲ್ಯೂಮಿನಿಯಂ ಅಷ್ಟು ತೆಳು. ಹೆಚ್ಚು ದುಡ್ಡು ಸುರಿಯಬೇಡಿ.

ಹಸಿರು_ರ‍್ಯಾಕ್:
1000 ಅನ್ನೋದು ಮಣಿಗಳ ಲೆಕ್ಕ: 100 ಮಣಿ, ತಲಾ 10 ವ್ಯಾಟ್. ಪ್ಲಗ್ ಮೀಟರ್ ಹಾಕಿ ನೋಡಿ, ಇಂಥವು ಎಳೆಯೋದು ಅದರ ಕಾಲುಭಾಗವೂ ಇರಲ್ಲ. ನಿಮ್ಮ ರ‍್ಯಾಕ್‌ನ ಲೆಟಿಸ್‌ಗೆ ಒಳ್ಳೆ ಬಿಳಿ ಬೋರ್ಡ್‌ನಲ್ಲಿ ಗೋಡೆಯಿಂದ ಎಳೆಯೋ 100 ವ್ಯಾಟ್, ದಿನಕ್ಕೆ 16 ಗಂಟೆ, ಸಾಕು.

ಕೊಳ್ಳುವಾಗ ಎಲ್‌ಇಡಿಯ ಬ್ರ್ಯಾಂಡ್ ಹೆಸರಿಗಿಂತ ಮೊದಲು ಡ್ರೈವರ್ ನೋಡಿ. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಪ್ರತಿ 10 ಡಿಗ್ರಿ ಹೆಚ್ಚಿಗೆ ಸುಮಾರು ಅರ್ಧ ಆಯಸ್ಸು ಕಳೆದುಕೊಳ್ಳುತ್ತೆ. ಬೋರ್ಡ್ ಬೆನ್ನಿಗೇ ಅಂಟಿಸಿದ್ದರೆ ಎರಡರ ಬಿಸಿಯನ್ನೂ ಅದೇ ತಿನ್ನಬೇಕು. ಬಿಚ್ಚಿ ರ‍್ಯಾಕ್ ಹೊರಗೆ ನೇತುಹಾಕೋಕೆ ಬರುವಂಥದ್ದು ಆರಿಸಿ. ತೇವದ ಜಾಗ, ಆದ್ದರಿಂದ ಡ್ರೈವರ್‌ಗೆ ಐಪಿ65 (ದೂಳು, ನೀರು ತಡೆಯೋ ದರ್ಜೆ) ಇರಲಿ. ಪ್ಲಗ್‌ನ ಅರ್ಥ್ ಪಿನ್‌ನಿಂದ ಲೈಟಿನ ಲೋಹದ ಮೈಗೆ ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ (ಸಂಪರ್ಕ) ಬರದಿದ್ದರೆ ವಾಪಸ್ ಕಳಿಸಿ.

ತಾರಸಿ_ತೋಟ:
ಮೇಲಿನ ಹಲಗೆಗೂ ಲೈಟಿಗೂ ಒಂದೇ ಇಂಚು ಜಾಗ ಇದೆ. ನಡೆಯುತ್ತಾ?

ಬೆಸುಗೆ:
ಇಲ್ಲ. ಫ್ಯಾನ್ ಇಲ್ಲದ ಬೋರ್ಡ್ ತಣ್ಣಗಾಗೋದು ಬಿಸಿಗಾಳಿ ತಾನೇ ಮೇಲೇರೋದರಿಂದ. ಹಲಗೆ ತಡೆದರೆ ಗಾಳಿ ಅಲ್ಲೇ ಮಡುಗಟ್ಟುತ್ತೆ. ನಾಲ್ಕಿಂಚು ಬಿಡಿ, ಇಲ್ಲವೇ ಹಲಗೆ ತೆಗೆದು ಜಾಲರಿ ಹಾಕಿ. ಒಂದು ಗಂಟೆ ಉರಿಸಿ, ಮಲ್ಟಿಮೀಟರ್‌ನ ಥರ್ಮೋಕಪಲ್ (ಬಿಸಿ ಅಳೆಯೋ ವೈರ್) ತುದಿಯನ್ನು ಹೀಟ್‌ಸಿಂಕ್ ಮಧ್ಯೆ ಕ್ಯಾಪ್ಟಾನ್ ಟೇಪ್‌ನಿಂದ (ಬಿಸಿ ತಾಳೋ ಟೇಪ್) ಅಂಟಿಸಿ ಓದಿ. ಕೋಣೆಗಿಂತ 25 ಡಿಗ್ರಿ ಹೆಚ್ಚಿದ್ದರೆ ಬೇಸಿಗೆಯ 35ರಲ್ಲಿ 60 ಮುಟ್ಟುತ್ತೆ, ಅದೇ ಮಿತಿ. ಅದಕ್ಕೂ ಮೇಲೆ ಹೋದರೆ ಡಿಮ್ಮರ್ ಶೇಕಡಾ 80ಕ್ಕೆ ಇಳಿಸಿ ಮತ್ತೆ ಅಳೆಯಿರಿ.