ಸ್ಯಾಕ್ಸೋಫೋನಿನ ಅಬ್ಬರದಾಗ ನನ್ನ ಮಾತು ಮುಳುಗ್ತಾವ, ಏನ್ ಮಾಡ್ಲಿ?

ಸಿರವಾರದ ಹುಡುಗ:
ನಾವು ಐದು ಮಂದಿ. ಮದುವಿ ಬ್ಯಾಂಡ್‌ಸೆಟ್ಟಿನಾಗ ಇಪ್ಪತ್ತು ವರ್ಷ ಸ್ಯಾಕ್ಸೋಫೋನ್ ಊದಿದ ನಮ್ಮ ಸೋದರಮಾವ, ಹಲಗಿ ಬಾರಸೋ ಇಬ್ಬರು, ಬೇಸ್ ಗಿಟಾರಿನ ಗೆಳೆಯ, ರಾಪ್ ಹೇಳಾಂವ ನಾನು. ಇರ್ರಿವರ್ಸಿಬಲ್ ಎಂಟ್ಯಾಂಗಲ್‌ಮೆಂಟ್ಸ್ ಅನ್ನೋ ಅಮೆರಿಕದ ಜಾಝ್ ತಂಡ ಕೇಳಿದ ಮ್ಯಾಲ ಹಿಡಿದ ಹುಚ್ಚು ಇದು. 2015ರಾಗ ನ್ಯೂಯಾರ್ಕಿನಾಗ ಪೊಲೀಸ್ ದೌರ್ಜನ್ಯದ ವಿರುದ್ಧ ಸಂಗೀತಗಾರರು ಸೇರಿದ್ದರಲ್ಲ, ಅಲ್ಲಿ ಕೂಡಿಕೊಂಡವರು. ಸ್ಯಾಕ್ಸು, ಟ್ರಂಪೆಟ್ಟು, ಬೇಸು, ಡ್ರಮ್ಮು ತಮ್ಮ ತಮ್ಮ ದಾರಿ ಹಿಡಿದು ಹೋಗ್ತಾವ, ನಡುವ ನಿಂತು ಕಮೇ ಅಯೇವಾ ಮಾತಾಡ್ತಾಳ. ಹಾಡಂಗಿಲ್ಲ, ಮಾತಾಡ್ತಾಳ. ಆಕಿ ಮಾತು ಎಲ್ಲೂ ಮುಳುಗಂಗಿಲ್ಲ.

ನಮ್ಮದು ಕಾಲುವಿ ನೀರಿನ ಪದ. 2024ರ ಆಗಸ್ಟಿನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ರಾತ್ರಿಯಿಂದ ಸುರುವಾಗಿ, ಬ್ಯಾಟರಿ ಹಿಡಕೊಂಡು ತೂಬಿನ ಹತ್ರ ನಿದ್ದಿಗೆಟ್ಟು ಕಾಯೋ ನಮ್ಮ ಅಪ್ಪನ ತನಕ. ನಮ್ಮ ಹೊಲ ಎಡದಂಡಿ ನಾಲಿಯ ಕೊನಿ ಭಾಗದಾಗ ಅದ, ನೀರು ಮುಟ್ಟೋದೇ ಕಷ್ಟ. ಇಷ್ಟು ಹೇಳಿದ್ರ ಈ ಕಡಿಯವರಿಗೆ ಉಳಿದದ್ದು ತಿಳಿತದ.

ಹೋದ ತಿಂಗಳು ಒಂದು ಊರಿನ ಜಾತ್ರ್ಯಾಗ ಬಾರಿಸಿದ್ವಿ. ಮಾವ ಮೈಮರೆತು ಊದಿದ. ಮುಂದ ಕುಂತವರಿಗೂ ನನ್ನ ಒಂದು ಸಾಲು ಕೇಳಿಸಲಿಲ್ಲ. ಆಮ್ಯಾಲ ಕಮಿಟಿಯ ಹಿರಿಯರೊಬ್ಬರು, "ವಾದ್ಯ ಚಲೋ ಅದ, ಮುಂದಿನ ಸಲ ಮಾತು ಬಿಟ್ಟು ಬಾರಸ್ರಿ" ಅಂದ್ರು. ಮಾವ ಒಪ್ಯಾನ. ಬರೇ ಊದಿದ್ರೂ ಸಿಟ್ಟು ಮುಟ್ಟತದ ಅಂತಾನ. ನನಗ ಒಪ್ಪಿಗಿ ಇಲ್ಲ. ನೀವೇನಂತೀರಿ?

ಬಳ್ಳಾರಿ, ಕೌಲ್‌ಬಜಾರ್:
ಮಾತು ಬಿಡಬೇಡಿ. 1957ರಲ್ಲಿ ಅಮೆರಿಕದ ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ಅರ್ಕನ್ಸಾ ಗವರ್ನರ್ ಫಾಬಸ್ ನ್ಯಾಷನಲ್ ಗಾರ್ಡ್ ಪಡೆಯನ್ನೇ ನಿಲ್ಲಿಸಿದ. ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಆ ಗವರ್ನರ್ ಮೇಲೇ ಒಂದು ರಚನೆ ಮಾಡಿದ. 1959ರಲ್ಲಿ ದೊಡ್ಡ ಕಂಪನಿಯಿಂದ ಬಂದ ರೆಕಾರ್ಡಿನಲ್ಲಿ ವಾದ್ಯ ಮಾತ್ರ ಇತ್ತು. ಮರುವರ್ಷ ಸಣ್ಣ ಕಂಪನಿಯೊಂದಕ್ಕೆ ಮಾತು ಸೇರಿಸಿ ಮತ್ತೆ ನುಡಿಸಿದ, ಡ್ರಮ್ಮರ್ ಡ್ಯಾನಿ ರಿಚ್ಮಂಡ್ ಜೊತೆ ಕೂಗಿ ಕೂಗಿ. ಎರಡನ್ನೂ ಬೆನ್ನು ಬೆನ್ನಿಗೆ ಕೇಳಿ, ನಿಮ್ಮ ಮಾವನಿಗೂ ಕೇಳಿಸಿ. ಮೊದಲನೆಯದರಲ್ಲಿ ಯಾರನ್ನೋ ಅಣಕಿಸುತ್ತಿದ್ದಾರೆ ಅನ್ನೋದಷ್ಟೇ ಗೊತ್ತಾಗುತ್ತೆ. ಎರಡನೆಯದರಲ್ಲಿ ಫಾಬಸ್ ಸಿಕ್ಕಿಬೀಳುತ್ತಾನೆ.

ತಂಬೂರಿ ಹಿಡಿದು ಕಥೆ ಹೇಳುವ ನಮ್ಮ ಬುರ್ರಕಥೆ ಏನು ಕಡಿಮೆಯೇ? ಒಂದು ಕಾಲಕ್ಕೆ ಮದ್ರಾಸ್ ಸರ್ಕಾರ, ನಿಜಾಮ ಸರ್ಕಾರ ಎರಡೂ ಅದನ್ನು ನಿಷೇಧಿಸಿದ್ದವು. ಬಳ್ಳಾರಿ ಆಗ ಅವರ ಕೈಕೆಳಗೆ, ನಿಮ್ಮ ರಾಯಚೂರು ಇವರ ಕೈಕೆಳಗೆ. ತಂಬೂರಿಗೆ ಹೆದರಿ ನಿಷೇಧಿಸಿದ್ದಲ್ಲ.

ಕೊಪ್ಪಳದ ರಿವಾಯತ್ ಮೇಳದಾಂವ:
ತಮ್ಮಾ, ಮಾತು ಬಿಡು ಅನ್ನಾವ್ರಿಗೆ ಉತ್ತರ ಮ್ಯಾಲಿನವರು ಕೊಟ್ಟಾರ. ಕೇಳಸಲಿಲ್ಲ ಅನ್ನೋದು ಬ್ಯಾರೆ ರೋಗ, ಅದಕ್ಕ ಔಷಧ ಐತಿ. ಮೊಹರಂದಾಗ ನಾವು ರಿವಾಯತ್ ಪದ ಹೇಳುವಾಗ ಮುಂದಿನಾಂವ ಒಂದು ಸಾಲು ಎತ್ತತಾನ, ಮೇಳ ಅದನ್ನ ಹಿಡೀತೈತಿ. ಆ ಸಾಲು ಮುಗಿಯೋತನ ಹಲಗಿ ಕೈ ತಡೆದಿರತೈತಿ. ನಿಮ್ಮ ಮಾವ ನಿನ್ನ ಸಾಲಿನ ಮ್ಯಾಲ ಊದಬಾರದು, ಸಾಲಿನ ಬೆನ್ನ ಹಿಂದ ಊದಬೇಕು. ಅಲ್ಲಿ ಹೆಂಗ ಬೇಕಾದ್ರೂ ಹರಿಯಲಿ, ಯಾರೂ ಕೇಳಂಗಿಲ್ಲ.

ಎರಡನೇದು ಫಂಕ್, ಅಮೆರಿಕದ ಕಪ್ಪು ಮಂದಿಯ ಕುಣಿಸೋ ಸಂಗೀತ. ಅದರ ಹಾಡುಗಾರ ಜೇಮ್ಸ್ ಬ್ರೌನ್ ಮೊದಲನೇ ಪೆಟ್ಟಿಗೆ ಎಲ್ಲಾರ್ನೂ ಕಟ್ಟಿಹಾಕಿದ್ದ. ಬೇಸು, ಹಲಗಿ ಎರಡೂ ಆ ಪೆಟ್ಟಿಗೆ ಬಂದು ಬೀಳಲಿ, ನೀ ಅದರ ಮರುಗಳಿಗಿಗೆ ಬಾಯಿ ತಗಿ.

ಮೂರನೇದು, ಎರಡೂ ಹಲಗಿ ಕಾಸಬ್ಯಾಡ್ರಿ. ಕಾದ ಹಲಗಿಯ ಚಟಚಟ ನಿನ್ನ ಚ, ಟ, ತ ಎಲ್ಲಾ ತಿಂದುಬಿಡತೈತಿ. ಒಂದು ಸಡಿಲ ಇರಲಿ.

ಇನ್ನೊಂದು ಮಾತು. ಮೇಳ ಹಿಡಿಯೋ ಸಾಲು ಮಂದಿ ಬಾಯಾಗ ಮೊದಲ ಇರೋ ಸಾಲು ಆಗಬೇಕು. ನಾಲಿ ಮ್ಯಾಲಿನ ಮಂದಿ ದಿನಾ ಏನ್ ಕೇಳ್ತಾರ, ಅದನ್ನ ಹುಡುಕು.

ಸಿರವಾರದ ಹುಡುಗ:
ಇಬ್ಬರಿಗೂ ಶರಣು. ಮಿಂಗಸ್‌ನ ಎರಡೂ ರೆಕಾರ್ಡು ಮಾವಗ ಕೇಳಿಸಿದೆ. ಎರಡನೇದು ಮುಗಿದ ಮ್ಯಾಲ ಮತ್ತೊಮ್ಮೆ ಹಾಕು ಅಂದ. ಮಾತು ಬಿಟ್ಟು ಆ ಊರಿಗೆ ಹೋಗಂಗಿಲ್ಲ ಅಂತ ಹೇಳಿ ಕಳಿಸೀವಿ.

ಸಾಲು ಹುಡುಕೋದು ಕಷ್ಟ ಆಗ್ಲಿಲ್ಲ. "ಗೇಜ್ ಎಷ್ಟದ?" ಅಂದ್ರ ನಾಲ್ಯಾಗ ನೀರಿನ ಮಟ್ಟ ಎಷ್ಟದ ಅಂತ. ನಿನ್ನೆ ಸಂಜಿಕ ನಮ್ಮ ಅಂಗಳದಾಗ ಒಂದು ಹಲಗಿ ಸಡಿಲ ಬಿಟ್ಟು ಸುರು ಮಾಡಿದ್ವಿ. ನಾ ಸಾಲು ಎತ್ತಿದೆ, ನಾಲ್ವರೂ "ಗೇಜ್ ಎಷ್ಟದ?" ಅಂದ್ರು. ಮೂರನೇ ಸಲಕ್ಕ ಹೊರಸಿನ ಮ್ಯಾಲ ಕುಂತಿದ್ದ ಅಪ್ಪ, ಪದ ಅನ್ನೋದು ಮರೆತು, ಮುಂಜಾನಿ ನೋಡಿ ಬಂದ ಲೆಕ್ಕ ಹೇಳಿಬಿಟ್ಟ. ಮಾವ ಊದೋದು ನಿಲ್ಲಿಸಿ ಆತನ ಮಾರಿ ನೋಡಿದ.

ಆ ಲೆಕ್ಕ ಈಗ ಪದದಾಗ ಅದ, ದಿನಾ ಬದಲಾಗ್ತದ. ಕೊಪ್ಪಳದಣ್ಣ, ಸಡಿಲ ಹಲಗಿ ಮಳಿಗಾಲದಾಗ ಪೂರ್ತಿ ಮೆತ್ತಗಾಗ್ತದಲ್ಲ, ಅದಕ್ಕೇನು ಮಾಡ್ತೀರಿ?