ಅಜ್ಜಿಯ ಬ್ಲೂ ಜಾಗರ್ ಓಲೆ, ಅಂಗಡಿಯವರ ಸರ್ಟಿಫಿಕೇಟು: ವಜ್ರದ ಕಾಗದ ನಿಜಕ್ಕೂ ಏನು ಹೇಳುತ್ತದೆ?

ಪ್ರಶ್ನೆ – ಏಳುಕಲ್ಲು

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಏಳು ಕಲ್ಲಿನ ವಜ್ರದೋಲೆಯಿದೆ. ಅದರ ಮಾತು ಬಂದಾಗಲೆಲ್ಲ ಅಜ್ಜಿ, ಇದು ಬ್ಲೂ ಜಾಗರ್, ಸಾಮಾನ್ಯದ ಕಲ್ಲಲ್ಲ ಎನ್ನುತ್ತಾ ಬೆಳಗಿನ ಬಿಸಿಲಿಗೆ ಓಲೆಯನ್ನು ಹಿಡಿದು, ಕಲ್ಲಿನೊಳಗೆ ತೆಳುವಾಗಿ ಹೊಮ್ಮುವ ನೀಲಿಯನ್ನು ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು. ಜಾಗರ್ ಎಂದರೆ ಏನೆಂದು ನಾವಾರೂ ಕೇಳಿರಲಿಲ್ಲ. ಈಗ ಮಗಳ ಮದುವೆ ಗೊತ್ತಾಗಿದೆ. ಹೋದ ವಾರ ಹೊಸ ಓಲೆ ನೋಡಲು ಹೋದಾಗ ಅವಳು, ಈ ಕಲ್ಲು ಯಾವ ಗಣಿಯದು, ಅಗೆದವರು ಯಾರು ಎಂದು ಕೇಳಿದಳು. ಅಂಗಡಿಯವರು ಪ್ಲಾಸ್ಟಿಕ್ ಹೊದಿಸಿದ ಕಾರ್ಡೊಂದನ್ನು ಮುಂದಿಟ್ಟು, ಸರ್ಟಿಫೈಡ್ ಮೇಡಂ, ಕಾನ್‌ಫ್ಲಿಕ್ಟ್ ಫ್ರೀ (ಸಂಘರ್ಷದ ಸೋಂಕಿಲ್ಲದ ಕಲ್ಲು) ಎಂದರು. ಎರಡೂ ಬದಿ ಓದಿ ನೋಡಿದೆವು; ತೂಕ, ಬಣ್ಣ, ಶುದ್ಧತೆ, ಕಟಿಂಗ್ ಎಲ್ಲವೂ ಇದ್ದವು, ಊರಿನ ಹೆಸರು ಮಾತ್ರ ಇರಲಿಲ್ಲ. ಈ ಮಾತಿನ ಬೆಲೆಯೇನು? ಜಾಗರ್ ಎಂಬುದರ ಮೂಲವನ್ನೂ ಬಲ್ಲವರು ತಿಳಿಸಬೇಕು.

ಉತ್ತರ – ಹಳೇ ಭೂಪಟ

ಜಾಗರ್ ಎನ್ನುವುದು ಕಲ್ಲಿನ ಜಾತಿಯಲ್ಲ, ಒಂದು ಊರಿನ ಹೆಸರಿನ ಅರ್ಧ. ದಕ್ಷಿಣ ಆಫ್ರಿಕದ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ಯಾಗರ್ಸ್‌ಫಾಂಟೈನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯವರ ‘ಯ’ಕಾರ ಇಂಗ್ಲಿಷ್ ಕಾಗುಣಿತದ ದಾರಿಯಾಗಿ ನಮ್ಮ ವ್ಯಾಪಾರಿಗಳ ಬಾಯಲ್ಲಿ ‘ಜ’ಕಾರವಾಯಿತು. 1870ರಲ್ಲಿ ಅಲ್ಲಿ ವಜ್ರ ಸಿಕ್ಕಿತು. 1893ರಲ್ಲಿ ಸುಮಾರು 995 ಕ್ಯಾರೆಟ್ ತೂಗುವ ಎಕ್ಸೆಲ್ಸಿಯರ್ ಎಂಬ ಕಚ್ಚಾ ವಜ್ರ ಸಿಕ್ಕಿದ್ದೂ ಅಲ್ಲಿಯೇ. ನೀಲಿ ಛಾಯೆಯ ಬಿಳಿ ಕಲ್ಲುಗಳಿಗೆ ಆ ಗಣಿ ಹೆಸರಾದ್ದರಿಂದ, ಮುಂದೆ ಎಲ್ಲಿಯ ಕಲ್ಲಾದರೂ ಆ ಛಾಯೆಯಿದ್ದರೆ ಅದನ್ನು ಜಾಗರ್ ಎಂದೇ ಕರೆಯುವ ರೂಢಿ ಬಂತು. ಹಾಗಾಗಿ ನಿಮ್ಮ ಓಲೆ ಆ ಊರಿನದೇ ಎಂದು ಹೆಸರೊಂದನ್ನು ನಂಬಿ ಹೇಳಲಾಗದು.

ಊರಿನ ಕಥೆಯನ್ನು ಮಾತ್ರ ಹೇಳಬಹುದು. ಅಲ್ಲಿ ಅಗೆದವರಲ್ಲಿ ಬಹಳಷ್ಟು ಮಂದಿ ಬಸೂತೊ ಎಂಬ ಆಫ್ರಿಕನ್ ಜನಾಂಗದ ಕಾರ್ಮಿಕರು. ಅದೇ ದೇಶದ ಇನ್ನೊಂದು ವಜ್ರದ ಊರಾದ ಕಿಂಬರ್ಲಿಯಲ್ಲಿ 1880ರ ದಶಕದಲ್ಲಿ ಶುರುವಾದ ಕಾಂಪೌಂಡ್ ಪದ್ಧತಿಯಲ್ಲಿ ಒಪ್ಪಂದ ಮುಗಿಯುವವರೆಗೆ ಕಾರ್ಮಿಕರು ಬೇಲಿಯೊಳಗೇ ಇರಬೇಕಿತ್ತು. ಹೊರಡುವ ಮುನ್ನ ಅವರನ್ನು ಬೆತ್ತಲೆ ನಿಲ್ಲಿಸಿ ಶೋಧಿಸುತ್ತಿದ್ದರು, ನುಂಗಿದ ಕಲ್ಲು ಹೊರಬರಲೆಂದು ಭೇದಿಯ ಔಷಧವನ್ನೂ ಕೊಡುತ್ತಿದ್ದರು. ಯಾಗರ್ಸ್‌ಫಾಂಟೈನಿನಲ್ಲಿ 1914ರ ಜನವರಿಯಲ್ಲಿ ಬಸೂತೊ ಕಾರ್ಮಿಕನೊಬ್ಬ ಬಿಳಿಯ ಮೇಲ್ವಿಚಾರಕನ ಒದೆತಕ್ಕೆ ಸತ್ತಾಗ ಕಾರ್ಮಿಕರು ರೊಚ್ಚಿಗೆದ್ದರು, ಅವರ ಮೇಲೆ ಗುಂಡು ಹಾರಿತು, ಹಲವರು ಸತ್ತರು.

ಗಣಿ 1971ರಲ್ಲಿ ಮುಚ್ಚಿತು. ಆದರೆ ನೂರು ವರ್ಷ ಅಗೆದು ಹೊರಹಾಕಿದ ಮಣ್ಣು ಎಲ್ಲಿಗೂ ಹೋಗಲಿಲ್ಲ (ಕೆಜಿಎಫ್‌ನ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). 2010ರ ನಂತರ ಹೊಸ ಮಾಲೀಕರು ಆ ಹಳೆಯ ಗುಡ್ಡೆಗಳನ್ನೇ ಮತ್ತೆ ತೊಳೆದು ಅಳಿದುಳಿದ ವಜ್ರವನ್ನು ಹೆಕ್ಕತೊಡಗಿದರು, ತೊಳೆದ ಕೆಸರನ್ನು ಊರ ಮಗ್ಗುಲಲ್ಲೇ ಕಟ್ಟೆ ಕಟ್ಟಿ ನಿಲ್ಲಿಸಿದರು. ಹಳೆಯ ಗುಡ್ಡೆಗಳು ಗಣಿ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು 2007ರಲ್ಲಿ ನ್ಯಾಯಾಲಯವೊಂದು ಹೇಳಿದ್ದರಿಂದ, ಗಣಿ ಇಲಾಖೆ ಅದು ತನ್ನ ಹೊಣೆಯಲ್ಲವೆಂದು ಕೈತೊಳೆದುಕೊಂಡಿತು. 2022ರ ಸೆಪ್ಟೆಂಬರ್ 11, ಭಾನುವಾರ ಬೆಳಗ್ಗೆ ಜನ ಇನ್ನೂ ಹಾಸಿಗೆಯಲ್ಲಿದ್ದಾಗ ಕಟ್ಟೆ ಒಡೆಯಿತು. ಬೂದುಬಣ್ಣದ ಕೆಸರು ಮನೆಗಳನ್ನು, ವಾಹನಗಳನ್ನು, ಕುರಿಗಳನ್ನು ಎಳೆದುಕೊಂಡು ಹೋಗಿ ಹಳ್ಳ ಸೇರಿ, ಅಲ್ಲಿಂದ ರೀಟ್ ನದಿಗೂ ಇಳಿಯಿತು. ಸಾವು ಕಂಡವರು ಕೆಲವರೇ ಆದರೂ ಮನೆ ಕಳೆದುಕೊಂಡ, ಗಾಯಗೊಂಡ ಕುಟುಂಬಗಳು ಬಹಳ. ಊರ ಹೆಸರಿನ ಫಾಂಟೈನ್ ಎಂದರೆ ಅಲ್ಲಿಯ ಆಫ್ರಿಕಾನ್ಸ್ ಭಾಷೆಯಲ್ಲಿ ನೀರಿನ ಬುಗ್ಗೆ.

ಉತ್ತರ – ಕಡತದವನು

ನಿಮಗೆ ತೋರಿಸಿದ ಕಾರ್ಡು ಪ್ರಯೋಗಾಲಯದ ಗುಣಮಟ್ಟದ ವರದಿ, ಅದು ಕಲ್ಲಿನ ಅಂದಚೆಂದವನ್ನು ಅಳೆಯುತ್ತದೆ. ಕಾನ್‌ಫ್ಲಿಕ್ಟ್ ಫ್ರೀ ಎಂಬ ಮಾತಿನ ಬೇರು ಬೇರೆ ಕಡೆಯಿದೆ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಕೊನೊ ಜಿಲ್ಲೆಯ ವಜ್ರದ ನೆಲ ಬಂಡುಕೋರರ ಕೈಸೇರಿತು. ಕಲ್ಲು ಗಡಿ ದಾಟಿ ಹೋಯಿತು, ಬಂದೂಕು ಗಡಿ ದಾಟಿ ಬಂತು, ಸಾವಿರಾರು ಬಡಪಾಯಿಗಳ ಕೈಗಳನ್ನು ಮಚ್ಚಿನಿಂದ ಕತ್ತರಿಸಲಾಯಿತು. ಜಗತ್ತಿಗೆ ಇದು ಗೊತ್ತಾದ ಮೇಲೆ 2000ದ ಮೇ ತಿಂಗಳಲ್ಲಿ ಕಿಂಬರ್ಲಿಯಲ್ಲಿ ಮಾತುಕತೆ ಶುರುವಾಗಿ, 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆಯ ಪ್ರಮಾಣಪತ್ರ ವ್ಯವಸ್ಥೆ ಜಾರಿಗೆ ಬಂತು. ಭಾರತವೂ ಅದರ ಸದಸ್ಯ ದೇಶ.

ಈ ವ್ಯವಸ್ಥೆಯ ಜೀವಾಳ ಅದರ ವ್ಯಾಖ್ಯೆಯಲ್ಲಿದೆ, ದೌರ್ಬಲ್ಯವೂ ಅಲ್ಲಿಯೇ. ಮಾನ್ಯ ಸರ್ಕಾರದ ವಿರುದ್ಧ ಹೋರಾಡುವ ಬಂಡುಕೋರ ಪಡೆಗಳಿಗೆ ಹಣ ಒದಗಿಸುವ ಕಚ್ಚಾ ವಜ್ರವಷ್ಟೇ ಅದರ ಲೆಕ್ಕದಲ್ಲಿ ಸಂಘರ್ಷದ ವಜ್ರ. ಬಂದೂಕು ಸರ್ಕಾರದ ಕೈಯಲ್ಲೇ ಇದ್ದರೆ? ಜಿಂಬಾಬ್ವೆಯ ಮರಾಂಗೆ ವಜ್ರದ ಬಯಲಿನಲ್ಲಿ 2008ರಲ್ಲಿ ಸೈನ್ಯ ಅಗೆಯುವವರ ಮೇಲೆ ಮುಗಿಬಿದ್ದು, ಹೆಲಿಕಾಪ್ಟರಿನಿಂದಲೂ ಗುಂಡು ಹಾರಿಸಿತು; ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕು ಸಂಸ್ಥೆಯ ಪ್ರಕಾರ 200ಕ್ಕೂ ಹೆಚ್ಚು ಜನ ಸತ್ತರು. ಕೆಲಕಾಲ ತಡೆಹಿಡಿದ ಆ ವಜ್ರದ ರಫ್ತಿಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಸಂಘರ್ಷದ ವಜ್ರದ ವಿಷಯವನ್ನು ಮೊದಲು ಬಯಲಿಗೆ ತಂದವರ ಸಾಲಿನಲ್ಲಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಅದೇ ಡಿಸೆಂಬರಿನಲ್ಲಿ ಬೇಸತ್ತು ಕಿಂಬರ್ಲಿ ಪ್ರಕ್ರಿಯೆಯಿಂದ ಹೊರನಡೆಯಿತು.

ಇನ್ನೊಂದು ಮಾತು. ಆ ಪ್ರಮಾಣಪತ್ರ ಮೊಹರು ಮಾಡಿದ ಕಚ್ಚಾ ಕಲ್ಲಿನ ಪೆಟ್ಟಿಗೆಯ ಜೊತೆ ಗಡಿ ದಾಟುತ್ತದೆಯೇ ಹೊರತು ಬಿಡಿ ಕಲ್ಲಿನ ಜೊತೆ ಅಲ್ಲ. ಸೂರತ್ತಿನಲ್ಲಿ ಪೆಟ್ಟಿಗೆ ಬಿಚ್ಚಿ, ವಿಂಗಡಿಸಿ, ಸಾಣೆ ಹಿಡಿದ ಮೇಲೆ ಉಳಿಯುವುದು ಬಿಲ್ಲಿನ ಮೇಲೆ ವ್ಯಾಪಾರಿ ಬರೆದುಕೊಡುವ ಒಂದು ಭರವಸೆಯ ಸಾಲು. ಯಾಗರ್ಸ್‌ಫಾಂಟೈನಿನ ಕೆಸರಿನಿಂದ ತೆಗೆದ ಕಲ್ಲಿಗೂ ಆ ಸಾಲನ್ನು ಯಾವ ಸುಳ್ಳೂ ಇಲ್ಲದೆ ಬರೆಯಬಹುದು, ಏಕೆಂದರೆ ಅಲ್ಲಿ ಬಂಡುಕೋರರೇ ಇರಲಿಲ್ಲ.

ಉತ್ತರ – ಬುಂದೇಲಖಂಡದಿಂದ

ಆಫ್ರಿಕದವರೆಗೆ ಹೋಗಬೇಕಿಲ್ಲ. ಕೆಲಸದ ನಿಮಿತ್ತ ನಾನು ಮಧ್ಯಪ್ರದೇಶದ ಪನ್ನಾದಲ್ಲಿ ಎರಡು ವರ್ಷ ಇದ್ದೆ. ಅಲ್ಲಿ 200 ರೂಪಾಯಿ ಕಟ್ಟಿದರೆ ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ನೆಲವನ್ನು ಅಗೆಯಲು ಪಟ್ಟಾ ಸಿಗುತ್ತದೆ. ಮೇಲ್ಮಣ್ಣು ತೆಗೆದು, ‘ಚಾಲ್’ ಎಂದು ಕರೆಯುವ ಜಲ್ಲಿಯ ಪದರ ಸಿಗುವವರೆಗೆ ಗುದ್ದಲಿಯಲ್ಲಿ ಅಗೆಯುತ್ತಾರೆ. ಅದನ್ನು ಹೊತ್ತು ತಂದು ನೀರಿನ ಗುಂಡಿಯಲ್ಲಿ ತೊಳೆದು ಒಣಗಿಸಿ, ಸಾರಿಸಿದ ನೆಲದ ಮೇಲೆ ತೆಳ್ಳಗೆ ಹರಡಿ, ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹರಳನ್ನು ಬೆರಳಿನಿಂದ ಸರಿಸುತ್ತಾರೆ. ನಮ್ಮಲ್ಲಿ ಹೆಂಗಸರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಹಾಗೆಯೇ. ಇಲ್ಲಿ ಅಕ್ಕಿ ಬೇಡ, ಕಲ್ಲು ಬೇಕು. ಸಿಕ್ಕಿದವನ ಫೋಟೊ ಪತ್ರಿಕೆಗೆ ಬರುತ್ತದೆ. ಸಾಲ ಮಾಡಿ ವರ್ಷಗಟ್ಟಲೆ ಅಗೆದು ಬರಿಗೈಯಲ್ಲಿ ಎದ್ದವರ ಫೋಟೊ ಎಲ್ಲಿಯೂ ಬರುವುದಿಲ್ಲ. ಬಿಟ್ಟುಹೋದ ಗುಂಡಿಗಳನ್ನು ಮುಚ್ಚುವವರು ಕಡಿಮೆ. ಮಳೆಗಾಲದಲ್ಲಿ ಅವು ತುಂಬಿಕೊಂಡಾಗ ಹಾದಿ ಯಾವುದು, ಹೊಂಡ ಯಾವುದು ತಿಳಿಯುವುದಿಲ್ಲ. ಅದೇ ಜನ ಉಳಿದ ತಿಂಗಳು ಕಲ್ಲಿನ ಕ್ವಾರಿಗೆ ಹೋಗಿ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತಂದುಕೊಳ್ಳುತ್ತಾರೆ.

ಯಂತ್ರದ ಗಣಿಯೂ ಹತ್ತಿರವೇ ಇದೆ, ಮಝಗವಾನಿನಲ್ಲಿ. ಅಲ್ಲಿ ನೂರು ಟನ್ ಬಂಡೆ ಪುಡಿ ಮಾಡಿದರೆ ಸಿಗುವುದು ಸುಮಾರು ಹತ್ತು ಕ್ಯಾರೆಟ್, ಅಂದರೆ ಎರಡು ಗ್ರಾಂ. ಪಕ್ಕದ ಛತ್ತರ್‌ಪುರ ಜಿಲ್ಲೆಯ ಬಕ್ಸ್‌ವಾಹಾ ಕಾಡಿನಲ್ಲಿ ವಜ್ರಕ್ಕಾಗಿ ಎರಡು ಲಕ್ಷಕ್ಕೂ ಹೆಚ್ಚು ಮರ ಕಡಿಯುವ ಯೋಜನೆ ಬಂದಾಗ 2021ರಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಅಲ್ಲಿಯ ಪ್ರಾಚೀನ ಗುಹಾಚಿತ್ರಗಳ ಕಾರಣಕ್ಕೆ ಹೈಕೋರ್ಟ್ ಆ ವರ್ಷವೇ ತಡೆ ನೀಡಿತು. ಮಹುವಾ (ಹಿಪ್ಪೆ) ಹೂ ಆರಿಸಿ ಬದುಕುವವರ ಮಾತಿಗಿಂತ ಬಂಡೆಯ ಮೇಲಿನ ಚಿತ್ರಕ್ಕೆ ಕಾನೂನಿನಲ್ಲಿ ತೂಕ ಹೆಚ್ಚೇನೋ ಎಂದು ನನಗೆ ಆಗ ಅನ್ನಿಸಿತ್ತು.

ಉತ್ತರ – ಎದುರುಮಾತು

ಮೇಲಿನದೆಲ್ಲ ನಿಜವಾದರೂ ದಕ್ಷಿಣ ಆಫ್ರಿಕದ ನೆರೆಯ ಬೋಟ್ಸ್‌ವಾನಾವನ್ನು ಬಿಟ್ಟು ಮಾತಾಡುವುದು ನ್ಯಾಯವಲ್ಲ. 1966ರಲ್ಲಿ ಸ್ವತಂತ್ರವಾದಾಗ ಕಡುಬಡ ದೇಶ ಅದು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು, ಗಣಿ ಕಂಪನಿಯಲ್ಲಿ ಸರ್ಕಾರ ಮುಂದೆ ಅರ್ಧ ಪಾಲು ಪಡೆಯಿತು, ಶಾಲೆ, ರಸ್ತೆ, ಆಸ್ಪತ್ರೆ ಆ ಹಣದಿಂದಲೇ ಬಂದವು. ಎಲ್ಲರೂ ಕೊಳ್ಳುವುದನ್ನು ನಿಲ್ಲಿಸಿದರೆ ಮೊದಲ ಪೆಟ್ಟು ಬೀಳುವುದು ಅಂಥವರಿಗೆ. ಕಲಹರಿ ಮರುಭೂಮಿಯ ಮೂಲನಿವಾಸಿಗಳಾದ ಸಾನ್ ಜನರನ್ನು ಅವರ ನೆಲದಿಂದ ಎಬ್ಬಿಸಿದ್ದೂ ಅದೇ ಸರ್ಕಾರ ಎಂಬುದನ್ನು ನಾನು ಮರೆತಿಲ್ಲ. 2006ರಲ್ಲಿ ಆ ದೇಶದ ನ್ಯಾಯಾಲಯವೇ ಅದು ತಪ್ಪೆಂದಿತು. ಲ್ಯಾಬಿನಲ್ಲಿ ಬೆಳೆಸಿದ ವಜ್ರಕ್ಕೆ ಹೊಂಡವಿಲ್ಲ ನಿಜ, ಆದರೆ ಕರೆಂಟು ಬಹಳ ಬೇಕು, ಆ ಕರೆಂಟು ಕಲ್ಲಿದ್ದಲಿನದಾದರೆ ಹೊಂಡ ಇನ್ನೊಂದು ಕಡೆ ಇರುತ್ತದೆ.

ಏಳುಕಲ್ಲು

ಎಲ್ಲರಿಗೂ ವಂದನೆ. ನಿನ್ನೆ ಅಂಗಡಿಗೆ ಫೋನ್ ಮಾಡಿ, ಗಣಿಯ ಹೆಸರನ್ನು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ ಎಂದು ಕೇಳಿದೆ. ದೇಶದ ಹೆಸರು ಕೂಡ ಕಷ್ಟ ಮೇಡಂ ಎಂದರು. ಸುಳ್ಳು ಹೇಳಲಿಲ್ಲವೆಂಬುದು ಅವರ ದೊಡ್ಡತನ. ಮಗಳು ಅಜ್ಜಿಯ ಓಲೆಯ ಕಲ್ಲುಗಳನ್ನೇ ಹೊಸ ಕಟ್ಟಿನಲ್ಲಿ ಕೂರಿಸಿಕೊಳ್ಳುತ್ತೇನೆ ಎನ್ನುತ್ತಾಳೆ. ಅಜ್ಜಿಯ ಮದುವೆಯಾದದ್ದು 1946ರಲ್ಲಿ. ಆ ಕಲ್ಲನ್ನು ಬೇಲಿಯೊಳಗೆ ಕೂಡಿಹಾಕಿದ ಯಾರೋ ಅಗೆದಿರಬಹುದು ಎಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸದಾಗಿ ಯಾರೂ ಅಗೆಯಬೇಕಿಲ್ಲವಲ್ಲ ಎಂದಳು. ಬುಧವಾರ ಅಕ್ಕಸಾಲಿಗರ ಹತ್ತಿರ ಹೋಗುತ್ತಿದ್ದೇವೆ. ಅವರು ಕಲ್ಲು ಬಿಚ್ಚಿ ಮತ್ತೆ ಕೂರಿಸುವವರೆಗೆ, ಅಜ್ಜಿ ಮಾಡುತ್ತಿದ್ದಂತೆ, ನಾನು ಎದುರಿಗೇ ಕೂತಿರುತ್ತೇನೆ.