ಸಹಾಯ ಬೇಕು: ಮಾತು ಹೋಗಿರುವ ಅಮ್ಮನ ಜೊತೆ ಸಂಜೆ ಪ್ರಾರ್ಥನೆ ಹೇಗೆ?

ಎಲ್ಲರಿಗೂ ವಂದನೆ. ಸ್ಟ್ರೋಕ್ ಆದಮೇಲೆ ಅಮ್ಮನಿಗೆ ಮಾತು ಹೊರಡುತ್ತಿಲ್ಲ. ನೀರು ಬೇಕಾದರೂ ಕೈಸನ್ನೆಯೇ. ಆದರೆ ನಾನು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದರೆ ಸಾಕು, ತೊದಲುತ್ತಾ "ಅನುದಿನದ ಆಹಾರ"ದವರೆಗೂ ಜೊತೆಗೆ ಬರುತ್ತಾರೆ. ಬಾಯಿಪಾಠವಾದ ಮಾತು ಹೀಗೆ ಉಳಿಯುವುದುಂಟು ಎಂದರು ಸ್ಪೀಚ್ ಥೆರಪಿಸ್ಟ್.

ಹಾಗಾಗಿ ಅವರಿಗೆ ಚಿಕ್ಕಂದಿನಿಂದ ರೂಢಿಯಿರುವ ಸಾಲುಗಳನ್ನೇ ಹುಡುಕುತ್ತಿದ್ದೇನೆ. ಸತ್ಯವೇದದ (ಬೈಬಲಿನ) 23ನೇ ಕೀರ್ತನೆ ಓದುತ್ತಿದ್ದೇವೆ. 117ರಲ್ಲಿ ಎರಡೇ ವಚನ, ಅದೂ ಆದೀತು. 120ರಿಂದ 134ರವರೆಗಿನ ಯಾತ್ರಾಗೀತೆಗಳಲ್ಲಿ ಹೆಚ್ಚಿನವು ಚಿಕ್ಕವು. ಯಾವುದರಿಂದ ಶುರು ಮಾಡಲಿ?

ಹಳೆಯ ಕನ್ನಡ ಸತ್ಯವೇದದ ಪಾಠವನ್ನೇ ನಿಧಾನವಾಗಿ ಓದಿದ ಆಡಿಯೋ ಯಾರ ಹತ್ತಿರವಾದರೂ ಇದೆಯಾ? ಹೊಸ ಅನುವಾದ ಹಾಕಿದರೆ ಅಮ್ಮ ಮುಖ ತಿರುಗಿಸುತ್ತಾರೆ! ದಪ್ಪಕ್ಷರದ ಕೀರ್ತನೆಗಳ ಪುಸ್ತಕ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ.

ಒಂದು ವಿನಂತಿ: "ನಂಬಿಕೆ ಸಾಲದು, ಅದಕ್ಕೇ ವಾಸಿಯಾಗಿಲ್ಲ" ಎನ್ನುವ ಫಾರ್ವರ್ಡ್ ಬೇಡ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ ತಾನೇ. ಮನೆಯಲ್ಲಿ ಇಂಥವರನ್ನು ನೋಡಿಕೊಂಡವರು ಏನು ಮಾಡಿದಿರಿ ಎಂದು ಬರೆಯಿರಿ. ಹಾಡಿದರೆ ಇನ್ನೂ ಸುಲಭವಾ?